ಯಾವ ಬಾವಿಯ ನೀರು ಅಳೆದಿರಿ?

(ರಾಯಚೂರಿನಲ್ಲಿ ನಡೆದ ಯುವಜನರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಕಲ್ಲಿದ್ದಲು ಗಣಿಯ ಸುತ್ತಲಿನ ನೀರಿನ ಬಗ್ಗೆ ಮಾತಾಡ್ತೀವಿ ಅಂದಾಗ ಶಿಬಿರ ನಡೆಸೋ ಹಿರಿಯರೊಬ್ಬರು ನಕ್ಕರು. "ನಮ್ಮ ರಾಜ್ಯದಾಗ ಕಲ್ಲಿದ್ದಲು ಗಣಿ ಎಲ್ಲೈತಪ್ಪ? ನಮ್ಮ ಜಗಳಾನೇ ನಮಗ ಸಾಕಾಗ್ಯಾವ" ಅಂದರು. ಅವರು ಹೇಳಿದ್ದು ನಿಜ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಆದರೆ ಕಲ್ಲಿದ್ದಲಿನ ಬೆಳಕು ಇದೆ. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಹೊತ್ತಿಕೊಂಡಿತು. ಅಂದಿನಿಂದ ಕಪ್ಪು ಗೂಡ್ಸ್ ಗಾಡಿಗಳು ಬರುತ್ತಲೇ ಇವೆ. ಗೇಟು ಹಾಕಿದಾಗ ನಾವು ಸೈಕಲ್ ಮೇಲೆ ಒಂದು ಕಾಲು ಊರಿ ನಿಂತು ಡಬ್ಬಿ ಎಣಿಸಿದವರು. ಡಬ್ಬಿ ಎಷ್ಟು ಅಂತ ಎಣಿಸಿದೆವು, ಎಲ್ಲಿಂದ ಬಂತು ಅಂತ ಕೇಳಲಿಲ್ಲ. ಇವತ್ತು ಅದನ್ನು ಕೇಳೋಣ.

ಒಂದು ದಾರಿ ತೆಲಂಗಾಣದ ಸಿಂಗರೇಣಿಯಿಂದ ಬರುತ್ತೆ. ಇನ್ನೊಂದು ದಾರಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯಿಂದ. ಅಲ್ಲಿ ಭದ್ರಾವತಿ ಅಂತ ಒಂದು ತಾಲ್ಲೂಕಿದೆ. ನಮ್ಮ ಕಬ್ಬಿಣದ ಭದ್ರಾವತಿ ಅಲ್ಲ, ಅದು ಬೇರೆ. ಆ ತಾಲ್ಲೂಕಿನ ಬರಂಜ್ ಎಂಬಲ್ಲಿನ ಕಲ್ಲಿದ್ದಲು 2003ರಲ್ಲಿ ನಮ್ಮ ರಾಜ್ಯದ ವಿದ್ಯುತ್ ನಿಗಮಕ್ಕೆ ಹಂಚಿಕೆಯಾಯಿತು. ಬಳ್ಳಾರಿ ಹತ್ತಿರದ ಕುಡತಿನಿಯ ಸ್ಥಾವರಕ್ಕೆ ಅಲ್ಲಿಂದ ಕಲ್ಲಿದ್ದಲು ಬಂತು. 2014ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ದೇಶದ 214 ಹಂಚಿಕೆಗಳನ್ನು ರದ್ದು ಮಾಡಿತು, ಅದರಲ್ಲಿ ಇದೂ ಹೋಯಿತು. 2015ರಲ್ಲಿ ಮತ್ತೆ ನಮ್ಮ ನಿಗಮಕ್ಕೇ ಬಂತು. ಅಂದರೆ ಕನ್ನಡಿಗರ ಗಣಿ ಕರ್ನಾಟಕದಲ್ಲಿಲ್ಲ, ಚಂದ್ರಾಪುರದಲ್ಲಿದೆ. ಬೆಳಕು ಇಲ್ಲಿ, ಗುಂಡಿ ಅಲ್ಲಿ.

ಚಂದ್ರಾಪುರದ ಜೊತೆ ನಮಗೆ ಇನ್ನೊಂದು ನಂಟಿದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೌದ್ಧರಾದರು. ಎರಡೇ ದಿನಕ್ಕೆ, 16ರಂದು, ಚಂದ್ರಾಪುರಕ್ಕೆ ಬಂದು ಅಲ್ಲಿಯ ಜನಕ್ಕೂ ದೀಕ್ಷೆ ಕೊಟ್ಟರು. ಆ ಜಾಗ ನೋಡಬೇಕು ಅಂತಲೇ ಹೋದ ಬೇಸಿಗೆಯಲ್ಲಿ ನಾವು ನಾಲ್ಕು ಜನ ಗೆಳೆಯರು ಹೋದದ್ದು. ಗಣಿ ನೋಡೋಕೆ ಹೋದವರಲ್ಲ. ದೀಕ್ಷಾಭೂಮಿ ನೋಡಿ ಬಸ್ಸು ಹತ್ತಿ ಪರಿಚಯದವರ ಊರಿಗೆ ಹೋದೆವು. ಅಲ್ಲಿ ನಮಗೆ ಮೊದಲು ಕಂಡದ್ದು ಗಣಿಯಲ್ಲ, ಬೇಯದ ಬೇಳೆ.

ಆ ಊರಿನ ಹೆಸರು ಹೇಳುವುದಿಲ್ಲ, ಗಣಿಯ ಹೆಸರೂ ಹೇಳುವುದಿಲ್ಲ. ಆ ಜನ ಅಲ್ಲೇ ಬದುಕಬೇಕು. ಮೇಲೆ ಹೇಳಿದ ಬರಂಜ್ ಅಂತೂ ಅಲ್ಲ, ಬೇರೆ ಗಣಿ. ಹೆಸರು ಬೇಡ, ಸಂಗತಿ ಕೇಳ್ರಿ.

ನಾವು ಇಳಿದುಕೊಂಡ ಮನೆಯ ತಾಯಿ ತೊಗರಿಬೇಳೆ ಒಲೆ ಮೇಲಿಟ್ಟು ಎರಡು ಗಂಟೆ ಆದರೂ ಕಾಳು ಕಾಳಾಗೇ ಇತ್ತು. ನಮ್ಮಲ್ಲಿ ಮರಾಠಿ ಬರುವ ಗೆಳೆಯನೊಬ್ಬ ಕೇಳಿದ. ಆಕೆ ಹೇಳಿದ್ದಿಷ್ಟು: "ಮೊದಲು ಬೇಯುತ್ತಿತ್ತು. ಈಗ ಸೋಡ ಹಾಕಬೇಕು. ಸೋಪು ನೊರೆ ಬರಲ್ಲ. ಬಿಳಿ ಸೀರೆ ಒಗೆದರೆ ತುಕ್ಕಿನ ಬಣ್ಣ. ಕೊಡದ ಒಳಗೆ ಸುಣ್ಣದ ಪದರ." ನಾವು ಬಿ.ಎ. ಓದಿದವರು, ರಸಾಯನಶಾಸ್ತ್ರ ನಮಗೆ ದೂರ. ಆಮೇಲೆ ನಮ್ಮೂರ ಕಾಲೇಜಿನ ಮೇಷ್ಟ್ರೊಬ್ಬರನ್ನು ಕೇಳಿದಾಗ ಅವರು ಹೇಳಿದರು: "ಆಯಮ್ಮ ನಿಮಗೆ ಲ್ಯಾಬ್ ರಿಪೋರ್ಟನ್ನೇ ಕೊಟ್ಟಾಳ. ಬೇಳೆ ಬೇಯದಿದ್ದರೆ, ನೊರೆ ಬರದಿದ್ದರೆ ಗಡಸು ನೀರು. ತುಕ್ಕಿನ ಬಣ್ಣ ಅಂದರೆ ಕಬ್ಬಿಣ. ಅಂಕಿ ಒಂದಿಲ್ಲ ಅಷ್ಟೇ."

ಅಂಕಿ ಒಂದಿಲ್ಲ. ಬಂಧುಗಳೇ, ನಮ್ಮ ಇವತ್ತಿನ ಮಾತೆಲ್ಲ ಆ ಒಂದು ಅಂಕಿಯ ಮೇಲೆ.

ಮೊದಲು ಗಣಿ ನೀರಿಗೆ ಏನು ಮಾಡುತ್ತೆ ಅಂತ ತಿಳಿಯೋಣ. ವಾರ್ಧಾ ನದಿಯ ಆ ಸೀಮೆಯಲ್ಲಿ ಮೇಲೆ ಮಣ್ಣು, ಅದರ ಕೆಳಗೆ ಕಾಮ್ಠಿ ಅಂತ ಕರೆಯುವ ಮರಳುಗಲ್ಲು, ಅದರ ಕೆಳಗೆ ಕಲ್ಲಿದ್ದಲಿನ ಪದರ. ಮರಳುಗಲ್ಲು ಸ್ಪಂಜಿನ ಹಾಗೆ ನೀರು ಹಿಡಿದುಕೊಂಡಿರುತ್ತೆ. ಬಾವಿಗಳಿಗೆ ಬರೋದು ಆ ನೀರೇ. ಕಲ್ಲಿದ್ದಲು ಬೇಕಾದವನು ಆ ಸ್ಪಂಜನ್ನು ಕೊಯ್ದು ಕೆಳಗಿಳಿಯಬೇಕು. ಕೊಯ್ದ ಕೂಡಲೇ ಸುತ್ತಲಿನ ನೀರು ಗುಂಡಿಗೆ ಜಿನುಗುತ್ತೆ. ಗುಂಡಿ ಒಣಗಿರಬೇಕಲ್ಲ, ಅದಕ್ಕೆ ಹಗಲೂ ರಾತ್ರಿ ಪಂಪು ಹಚ್ಚಿ ನೀರು ಎತ್ತಿ ಹೊರಗೆ ಬಿಡ್ತಾರೆ. ನೆಲದೊಳಗಿನ ನೀರಿನ ಮಟ್ಟ ಗುಂಡಿಯ ಕಡೆಗೆ ಬಟ್ಟಲಿನ ಹಾಗೆ ಬಾಗುತ್ತೆ. ಆ ಬಟ್ಟಲಿನೊಳಗೆ ಬಿದ್ದ ಬಾವಿಗಳು ಇಳಿಯುತ್ತವೆ. ಮೊದಲು ಒಣಗೋದು ಆಳವಿಲ್ಲದ ಬಾವಿ. ಆಳವಿಲ್ಲದ ಬಾವಿ ಯಾರದು? ಆಳಕ್ಕೆ ತೋಡಲು ದುಡ್ಡಿಲ್ಲದವರದು.

ಇದು ನೀರು ಕಡಿಮೆಯಾಗುವ ಕಥೆ. ನೀರು ಕೆಡುವ ಕಥೆ ಇನ್ನೊಂದಿದೆ. ಕಲ್ಲಿದ್ದಲಿನ ಜೊತೆ ಕಬ್ಬಿಣ ಮತ್ತು ಗಂಧಕ ಕೂಡಿದ ಪೈರೈಟ್ ಎಂಬ ಖನಿಜ ಇರುತ್ತೆ. ಕೋಟ್ಯಂತರ ವರ್ಷ ಗಾಳಿ ಕಾಣದೆ ಮಲಗಿದ್ದನ್ನು ಬಗೆದು ಗಾಳಿಗೂ ಮಳೆಗೂ ಒಡ್ಡಿದರೆ ಅದು ಗಂಧಕಾಮ್ಲ ಆಗುತ್ತೆ. ಮೇಘಾಲಯದ ಜೈಂತಿಯಾ ಬೆಟ್ಟಗಳ ಕಲ್ಲಿದ್ದಲಿನಲ್ಲಿ ಗಂಧಕ ಬಹಳ. ಅಲ್ಲಿ ಇಲಿಬಿಲದಂಥ ಗಣಿಗಳ ಆಮ್ಲ ಹೊಳೆಗಳಿಗೆ ಇಳಿಯಿತು. 2014ರಲ್ಲಿ ಹಸಿರು ನ್ಯಾಯಮಂಡಳಿ ಅಂಥ ಗಣಿಗಾರಿಕೆಯನ್ನು ತಡೆಯಿತು. ತಡೆದ ಮೇಲೂ ನಿಲ್ಲಲಿಲ್ಲ. 2018ರ ಡಿಸೆಂಬರಿನಲ್ಲಿ ಅಂಥದೇ ಒಂದು ಗಣಿಗೆ ನೀರು ನುಗ್ಗಿ ಹದಿನೈದು ಕೂಲಿಗಳು ಒಳಗೇ ಉಳಿದರು. ಚಂದ್ರಾಪುರದ ಕಡೆ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ. ಹಾಗಾಗಿ ನೀರು ಹುಳಿಯಾಗುವುದು ಅಪರೂಪ. ಹುಟ್ಟಿದ ಅಷ್ಟಿಷ್ಟು ಆಮ್ಲವನ್ನು ಅಲ್ಲಿಯ ಸುಣ್ಣದ ಅಂಶ ತಿಂದುಹಾಕುತ್ತೆ. ತಿಂದಾದ ಮೇಲೆ ನೀರಿನಲ್ಲಿ ಉಳಿಯೋದು ಸಲ್ಫೇಟು ಮತ್ತು ಗಡಸುತನ. ಅಂಥ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತೆ. ಬೇಳೆಗೆ ಗೊತ್ತಾಗುತ್ತೆ.

ಸಿಡಿಮದ್ದು ಇನ್ನೊಂದು. ಬಂಡೆ ಒಡೆಯಲು ಹಾಕುವ ಮದ್ದಿನಲ್ಲಿ ಅಮೋನಿಯಂ ನೈಟ್ರೇಟು ಇರುತ್ತೆ, ಉರಿಯದೆ ಉಳಿದದ್ದು ನೀರಿಗೆ ಇಳಿಯುತ್ತೆ. ಆದರೆ ನೈಟ್ರೇಟು ಕಂಡ ಕೂಡಲೇ ಗಣಿಯದು ಅಂತ ಕೂಗುವ ಹಾಗಿಲ್ಲ. ತಿಪ್ಪೆಯಿಂದಲೂ ಬರುತ್ತೆ, ಪಾಯಿಖಾನೆ ಗುಂಡಿಯಿಂದಲೂ ಬರುತ್ತೆ, ಹೊಲದ ಗೊಬ್ಬರದಿಂದಲೂ ಬರುತ್ತೆ. ಫ್ಲೋರೈಡಿನ ಕಥೆಯೂ ಹಾಗೇ. ಚಂದ್ರಾಪುರ ಜಿಲ್ಲೆಯ ಎಷ್ಟೋ ಕಡೆ ಕಲ್ಲಿನಲ್ಲೇ ಫ್ಲೋರೈಡ್ ಇದೆ, ಗಣಿ ಬರುವ ಮೊದಲೂ ಇತ್ತು. ಗಣಿಯವರು "ಇದು ನಿಸರ್ಗದ್ದು" ಅಂದರೆ ಕೆಲವು ಸಲ ಅದು ನಿಜವೇ ಆಗಿರುತ್ತೆ. ಇದನ್ನು ನಾವು ಯಾಕೆ ಒತ್ತಿ ಹೇಳ್ತೀವಿ ಅಂದರೆ, ಸುಳ್ಳು ಹೇಳಿ ಗೆಲ್ಲುವ ಸೌಲಭ್ಯ ನಮ್ಮ ಜನಕ್ಕಿಲ್ಲ. ನಮ್ಮ ಒಂದು ಮಾತು ಸುಳ್ಳಾದರೆ ನೂರು ನಿಜ ಅದರ ಜೊತೆ ಬಿದ್ದುಹೋಗುತ್ತವೆ.

ಹಾಗಾದರೆ ಯಾವುದು ಗಣಿಯದು, ಯಾವುದು ಕಲ್ಲಿನದು ಅಂತ ತಿಳಿಯೋದು ಹೇಗೆ? ದಾರಿ ಒಂದೇ. ಗಣಿ ತೋಡುವ ಮೊದಲು ಅಳೆದಿರಬೇಕು, ತೋಡುವಾಗ ಅಳೆಯುತ್ತಿರಬೇಕು, ಮುಚ್ಚಿದ ಮೇಲೂ ಅಳೆಯಬೇಕು. ಅದೂ ಸರಿಯಾದ ಬಾವಿಗಳಲ್ಲಿ ಅಳೆಯಬೇಕು. ನೆಲದೊಳಗಿನ ನೀರು ಹರಿಯುವ ದಿಕ್ಕಿನಲ್ಲಿ ಗಣಿಗಿಂತ ಮೇಲೆ ಒಂದು ಬಾವಿ, ಗಣಿಗಿಂತ ಕೆಳಗೆ ಒಂದು ಬಾವಿ. ಎರಡನ್ನೂ ಹೋಲಿಸಿದರೆ ನಡುವೆ ಏನು ಸೇರಿತು ಅಂತ ಗೊತ್ತಾಗುತ್ತೆ.

ಸರ್ಕಾರಕ್ಕೆ ಇದು ಗೊತ್ತಿಲ್ಲದೇ ಇಲ್ಲ. ಕಲ್ಲಿದ್ದಲು ಗಣಿಗೆ ದಿಲ್ಲಿಯಿಂದ ಕೊಡುವ ಪರಿಸರ ಅನುಮತಿಯ ಪತ್ರದಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತೆ. ಗಣಿಯ ಒಳಗೂ ಸುತ್ತಲೂ ಇರುವ ಬಾವಿಗಳನ್ನು ಗುರುತಿಸಬೇಕು, ಹೊಸದಾಗಿ ಪೀಜೋಮೀಟರ್ ಎಂಬ ಅಳತೆಯ ಕೊಳವೆಗಳನ್ನು ಇಳಿಸಬೇಕು, ನೀರಿನ ಮಟ್ಟವನ್ನೂ ಗುಣವನ್ನೂ ವರ್ಷಕ್ಕೆ ನಾಲ್ಕು ಸಲ ನೋಡಬೇಕು: ಮಳೆಗೆ ಮುಂಚೆ, ಮಳೆಗಾಲದಲ್ಲಿ, ಮಳೆ ಮುಗಿದ ಮೇಲೆ, ಚಳಿಗಾಲದಲ್ಲಿ. 2006ರ ಪರಿಸರ ಅಧಿಸೂಚನೆ ಪ್ರಕಾರ ಷರತ್ತು ಪಾಲಿಸಿದ ವರದಿಯನ್ನು ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ವರ್ಷಕ್ಕೆ ಎರಡು ಸಲ ಕೊಡಬೇಕು. ಆ ವರದಿ ಸಾರ್ವಜನಿಕ ದಾಖಲೆ. ಅರ್ಜಿ ಕೊಟ್ಟವರಿಗೆ ಪ್ರತಿ ಕೊಡಬೇಕು. ಇದೆಲ್ಲ ಕಾಗದದಲ್ಲಿದೆ, ಒಳ್ಳೆ ಕಾಗದ. ಅಳೆಯುವವರು ಯಾರು ಅಂದರೆ ಗಣಿಯವರೇ, ಇಲ್ಲವೇ ಗಣಿಯವರು ಸಂಬಳ ಕೊಟ್ಟು ಕರೆಸಿದವರು. ಕಳ್ಳನ ಕೈಗೆ ಬೀಗದ ಕೈ ಅಂತ ನಾವು ಭಾಷಣ ಮಾಡಬಹುದು. ಆದರೆ ನಾವು ಕಂಡದ್ದು ಅದಕ್ಕಿಂತ ಬೇರೆ.

ಆ ಊರಿನ ಹುಡುಗನೊಬ್ಬ ಹಳೆಯ ವರದಿಗಳನ್ನು ಅರ್ಜಿ ಹಾಕಿ ತರಿಸಿದ್ದ. ಕೂತು ಓದಿದೆವು. ಊರಿನ ಹೆಸರಿತ್ತು, "ಬಾವಿ ನೀರು" ಅಂತಿತ್ತು, ಸಾಲಾಗಿ ಅಂಕಿಗಳಿದ್ದವು, ಎಲ್ಲ ಮಿತಿಯೊಳಗೆ. ಸುಳ್ಳು ಬರೆದಿದ್ದಾರೆ ಅಂದುಕೊಂಡೆವು. ಆ ತಾಯಿಯನ್ನು ಕೇಳಿದೆವು, ಅವರು ಬಂದಾಗ ಯಾವ ಬಾವಿಯಿಂದ ನೀರು ತಗೊಂಡರು? ಆಕೆ ಕೈ ತೋರಿಸಿದಳು. ಗುಡಿಯ ಪಕ್ಕದ ಊರ ಬಾವಿ. ಜೀಪು ಅಲ್ಲಿಗೆ ಹೋಗುತ್ತೆ, ರಸ್ತೆ ಅಲ್ಲಿಯವರೆಗೆ ಇದೆ. ಬಾಟಲಿ ತುಂಬಿ, ಚೀಟಿ ಹಚ್ಚಿ, ಚಹಾ ಕುಡಿದು ಹೋಗ್ತಾರೆ. "ನಮ್ಮ ಬಾವಿಗೆ ಯಾರೂ ಬಂದಿಲ್ಲ" ಅಂದಳು.

ಬೌದ್ಧರ ಮನೆಗಳು, ಅದಕ್ಕೂ ಆಚೆ ಗೋಂಡರ ಮನೆಗಳು ಊರಿನಿಂದ ದೂರ, ತಗ್ಗಿನಲ್ಲಿವೆ. ಅವರ ಹಿಂದೆಯೇ ಗಣಿಯಿಂದ ಬಗೆದು ಹಾಕಿದ ಮಣ್ಣಿನ ಗುಡ್ಡ. ಮಳೆ ಬಂದರೆ ಗುಡ್ಡ ತೊಳೆದ ನೀರು ಅವರ ಕಡೆಗೇ ಇಳಿಯುತ್ತೆ. ಊರ ಬಾವಿ ಎತ್ತರದಲ್ಲಿದೆ. ಅಲ್ಲಿಯ ನೀರು ಚೆನ್ನಾಗಿದೆ, ನಾವೂ ಕುಡಿದೆವು. ವರದಿ ಸುಳ್ಳು ಹೇಳಿರಲಿಲ್ಲ. ನಮಗೆ ಹೆದರಿಕೆ ಆದದ್ದು ಅದಕ್ಕೇ. ಸುಳ್ಳು ವರದಿಯನ್ನು ಒಂದು ದಿನ ಹಿಡಿಯಬಹುದು. ನಿಜವಾದ ವರದಿ ನಿಜ ಹೇಳಿಕೊಂಡೇ ನಮ್ಮನ್ನು ಬಿಟ್ಟು ಹೋಗುತ್ತೆ.

ಯೋಚಿಸಿ ನೋಡ್ರಿ. ಒಂದು ಊರಿಗೆ ಎರಡು ಬಾವಿ ಯಾಕೆ ಬಂದವು? ನೆಲ ಕೇಳಿತೇ? ನೀರು ಕೇಳಿತೇ? ಜಾತಿ ಕೇಳಿತು. ಊರು ಎತ್ತರದಲ್ಲಿ, ಕೇರಿ ತಗ್ಗಿನಲ್ಲಿ. ನೂರಾರು ವರ್ಷದ ಹಿಂದೆ ಹಾಕಿದ ಆ ಗೆರೆ ಇವತ್ತು ವಿಜ್ಞಾನದ ಲೆಕ್ಕದಲ್ಲೂ ಗೆರೆಯೇ. ಎತ್ತರದ ಬಾವಿಯ ನೀರು ತಗ್ಗಿನ ಬಾವಿಗೆ ಸಾಕ್ಷಿಯಲ್ಲ. ಆಳದ ಬೋರು ಮೇಲಿನ ಬಾವಿಗೆ ಸಾಕ್ಷಿಯಲ್ಲ. ಒಂದು ಊರಿಗೆ ಒಂದು ಬಾಟಲಿ ಅಂತ ಬರೆದವನು ಜಾತಿ ಮಾಡಬೇಕು ಅಂತ ಬರೆದಿರಲಿಕ್ಕಿಲ್ಲ. ಆದರೆ ಊರು ಅಂದರೆ ಒಂದೇ ಅಂತ ಅವನು ನಂಬಿದ. ಹಳ್ಳಿಯಲ್ಲಿ ಹುಟ್ಟಿದ ನಾವು ಯಾರೂ ಅದನ್ನು ನಂಬಲಾರೆವು.

ಈಗ ನಮ್ಮದೇ ಒಂದು ತಪ್ಪು ಹೇಳಬೇಕು. ಆ ರಾತ್ರಿ ನಮಗೆ ಬಹಳ ಸಿಟ್ಟು ಬಂತು. ನಮ್ಮಲ್ಲಿ ಪದ್ಯ ಬರೆಯುವವರಿದ್ದೀವಲ್ಲ, ಸಿಟ್ಟು ಬಂದರೆ ಕಾಗದ ಹುಡುಕ್ತೀವಿ. ಬೆಳಗಾಗೋದರೊಳಗೆ ಒಂದು ಕರಪತ್ರ ಸಿದ್ಧವಾಯಿತು. "ಬಾವಿಯಲ್ಲಿ ವಿಷ" ಅಂತ ದೊಡ್ಡ ಅಕ್ಷರ. ಗೆಳೆಯ ಅದನ್ನು ಮರಾಠಿಗೆ ಮಾಡಿ ಆ ತಾಯಿಗೆ ಓದಿ ಹೇಳಿದ. ಮೆಚ್ಚುತ್ತಾಳೆ ಅಂದುಕೊಂಡಿದ್ದೆವು. ಆಕೆ ಕೇಳಿದಳು: "ವಿಷ ಅಂತ ಅಳೆದು ನೋಡಿದ್ದೀರಾ?" ಇಲ್ಲ ಅಂದೆವು. "ನೀವು ಇದನ್ನು ಹಂಚಿ ನಾಳೆ ಬಸ್ಸು ಹತ್ತುತ್ತೀರಿ. ನಾಡಿದ್ದು ನಾನು ಇದೇ ಬಾವಿಗೆ ಕೊಡ ಇಳಿಸಬೇಕು. ವಿಷ ಅಂತ ಬರೆದ ನೀರನ್ನು ಮಕ್ಕಳಿಗೆ ಹೇಗೆ ಕೊಡಲಿ? ಈ ಕೇರಿಗೆ ಹೆಣ್ಣು ಕೊಡುವವರು ಯಾರು, ಇಲ್ಲಿಂದ ಹೆಣ್ಣು ತಗೊಳ್ಳುವವರು ಯಾರು? ನಮ್ಮನ್ನು ಮುಟ್ಟಬಾರದು ಅಂದದ್ದು ಒಂದು ಕಾಲ. ಈಗ ನಮ್ಮ ನೀರನ್ನು ಮುಟ್ಟಬಾರದು ಅಂತ ನೀವೇ ಬರೆದುಕೊಡ್ತೀರಾ?"

ನಮಗೆ ಉತ್ತರ ಇರಲಿಲ್ಲ. ಕರಪತ್ರ ಹರಿದು ಒಲೆಗೆ ಹಾಕಿದೆವು. ಆಮೇಲೆ ಆಕೆಯೇ ಕೇಳಿದಳು, "ಅಳೆಯೋದು ಹೇಗೆ, ಅದನ್ನು ಹೇಳಿಕೊಡಿ." ಅದು ನಮಗೂ ಗೊತ್ತಿರಲಿಲ್ಲ. ಎರಡು ಬಾವಿಯ ನೀರನ್ನೂ ಬಾಟಲಿಗೆ ತುಂಬಿ ಮೇಷ್ಟ್ರ ಹತ್ತಿರ ತಂದೆವು. ಅವರು ಮೊದಲು ಬೈದರು. ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದಿರಾ? ಇಲ್ಲ. ತಂಪಾಗಿ ಇಟ್ಟಿರಾ? ಇಲ್ಲ. ಲೋಹ ನೋಡಬೇಕಾದರೆ ಬೇರೆ ಬಾಟಲಿಗೆ ನೈಟ್ರಿಕ್ ಆಮ್ಲ ಹನಿಸಬೇಕು, ಗೊತ್ತೇ? ಇಲ್ಲ. ಹುಳಿ ಎಷ್ಟು, ಉಷ್ಣ ಎಷ್ಟು ಅಂತ ಬಾವಿಯ ದಂಡೆಯಲ್ಲೇ ನೋಡಿ ಬರೆಯಬೇಕು, ಬರೆದಿರಾ? ಇಲ್ಲ. ಬೈದಾದ ಮೇಲೂ ಗಡಸುತನ ಮತ್ತು ಸಲ್ಫೇಟು ನೋಡಿಕೊಟ್ಟರು. ಕೇರಿಯ ಬಾವಿಯಲ್ಲಿ ಎರಡೂ ಹೆಚ್ಚಿದ್ದವು. ಅಂಕಿ ಇಲ್ಲಿ ಹೇಳುವುದಿಲ್ಲ. ತೊಳೆಯದ ಬಾಟಲಿಯ, ಒಂದೇ ಸಲದ ಅಳತೆ ಸಾಕ್ಷಿ ಆಗಲ್ಲ. ಮೇಷ್ಟ್ರು ಇನ್ನೊಂದು ಪ್ರಶ್ನೆ ಕೇಳಿದರು: "ಗಣಿ ಬರುವ ಮೊದಲು ಈ ಬಾವಿಯಲ್ಲಿ ಎಷ್ಟಿತ್ತು?" ಆ ಅಂಕಿ ಯಾರ ಹತ್ತಿರವೂ ಇಲ್ಲ. ಆ ಬಾವಿಯನ್ನು ಯಾರೂ ಅಳೆದಿರಲಿಲ್ಲ. ಈಗ ಯಾರೂ ಅಳೆಯಲಾರರು, ಆ ದಿನ ಹೋಯಿತು. ಆ ತಾಯಿಯ ಕೇಸು ಅಲ್ಲೇ ಕುಂಟುತ್ತೆ. ಮೊದಲು ಬೇಳೆ ಬೇಯುತ್ತಿತ್ತು ಅನ್ನೋದು ಆಕೆಯ ನೆನಪು. ಕೋರ್ಟು ಅದನ್ನು ಅಂಕಿ ಅನ್ನುವುದಿಲ್ಲ.

ಅಂಕಿಯಲ್ಲೂ ಒಂದು ಮರ್ಮ ಇದೆ, ಕೇಳ್ರಿ. ಕುಡಿಯುವ ನೀರಿಗೆ ಭಾರತದ ಮಾನಕ ಇದೆ, 10500 ಅಂತ ಅದರ ಸಂಖ್ಯೆ. ಅದರಲ್ಲಿ ಎಷ್ಟೋ ವಸ್ತುಗಳಿಗೆ ಎರಡು ಅಂಕಿ. ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಸಲ್ಫೇಟು 200, ಆದರೆ 400ರವರೆಗೆ ನಡೆಯುತ್ತೆ. ಗಡಸುತನ 200, 600ರವರೆಗೆ ನಡೆಯುತ್ತೆ. ಕರಗಿದ ಲವಣ 500, 2000ದವರೆಗೆ ನಡೆಯುತ್ತೆ. ಫ್ಲೋರೈಡ್ 1, ಒಂದೂವರೆಯವರೆಗೆ ನಡೆಯುತ್ತೆ. ನೈಟ್ರೇಟಿಗೆ ಮಾತ್ರ 45 ಅಂದರೆ 45, ರಿಯಾಯಿತಿ ಇಲ್ಲ. ಎರಡನೇ ಅಂಕಿ ಯಾರಿಗೆ? ಬೇರೆ ನೀರಿನ ಮೂಲ ಇಲ್ಲದವರಿಗೆ ಅಂತ ಮಾನಕವೇ ಹೇಳುತ್ತೆ. ಬೇರೆ ಬಾವಿಗೆ ಹೋಗಲಾರದವರು ಈ ದೇಶದಲ್ಲಿ ಯಾರು, ಯಾಕೆ ಹೋಗಲಾರರು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ವರದಿಯಲ್ಲಿ "ಮಿತಿಯೊಳಗೆ" ಅಂತ ಬರೆದಿದ್ದರೆ ಮೊದಲ ಮಿತಿಯೋ ಎರಡನೆಯದೋ ಅಂತ ಕೇಳುವುದನ್ನು ಕಲಿಯೋಣ.

ಇನ್ನು ಗಣಿ ಮುಚ್ಚಿದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಪಂಪು ನಿಂತ ದಿನದಿಂದ ಗುಂಡಿಯಲ್ಲಿ ನೀರು ಏರುತ್ತೆ. ಇಷ್ಟು ವರ್ಷ ಗಾಳಿಗೆ ಒಡ್ಡಿದ್ದ ಗೋಡೆಯ ಉಪ್ಪನ್ನೆಲ್ಲ ತೊಳೆದುಕೊಂಡು ಏರುತ್ತೆ. ಆಫೀಸು ಖಾಲಿ, ಜೀಪು ಇಲ್ಲ, ಬಾಟಲಿ ಇಲ್ಲ. ನೀರು ಮಾತ್ರ ಕೆಲಸ ಮಾಡುತ್ತಲೇ ಇರುತ್ತೆ. ಮೇಲಿಂದ ನಮ್ಮಂಥ ಊರುಗಳ ಸ್ಥಾವರದ ಬೂದಿಯನ್ನು ಹಳೆಯ ಗಣಿಗಳಿಗೆ ತುಂಬಲು 2021ರ ಅಧಿಸೂಚನೆ ಅವಕಾಶ ಕೊಟ್ಟಿದೆ. ಕಲ್ಲಿದ್ದಲು ತಗೊಂಡು ಬೂದಿ ಕೊಟ್ಟ ಹಾಗೆ. ಬೂದಿಯ ಸುತ್ತಲಿನ ನೀರನ್ನೂ ಯಾರಾದರೂ ನೋಡುತ್ತಿರಲೇಬೇಕು.

ಅದಕ್ಕೆ ಈ ಶಿಬಿರದಲ್ಲಿ ನಾವು ಇಡುವ ಮಾತುಗಳು ಇಷ್ಟು.

ಒಂದು: ಗಣಿಯ ಸುತ್ತಲಿನ ಪ್ರತಿ ಊರಿನಲ್ಲೂ ದಲಿತರ, ಆದಿವಾಸಿಗಳ ಬಾವಿ ಮತ್ತು ಕೈಪಂಪು ಅಳತೆಯ ಪಟ್ಟಿಯಲ್ಲಿ ಬೇರೆಯಾಗಿ, ಹೆಸರು ಹಿಡಿದು ಇರಬೇಕು. ಊರಿಗೊಂದು ಬಾಟಲಿ ಸಾಲದು.

ಎರಡು: ಗಣಿಗೆ ಮುಂಚಿನ ಅಳತೆ ಒಂದು ಋತುವಿನದಾದರೆ ಸಾಲದು. ಬೇಸಿಗೆಯ ಬಾವಿ ಬೇರೆ, ಮಳೆಗಾಲದ ಬಾವಿ ಬೇರೆ. ಪೂರಾ ಒಂದು ವರ್ಷದ್ದು ಬೇಕು. ಸಾರ್ವಜನಿಕ ವಿಚಾರಣೆಗೆ ನೋಟೀಸು ಕೊಟ್ಟ ದಿನವೇ ನಮ್ಮ ಜನ ತಮ್ಮ ಬಾವಿಯ ಲೆಕ್ಕ ಕೇಳಬೇಕು.

ಮೂರು: ನೀರು ತುಂಬುವಾಗ ಆ ಬಾವಿ ಬಳಸುವ ಹೆಂಗಸರು ಎದುರಿಗಿರಬೇಕು. ಬಾಟಲಿಯ ಚೀಟಿಗೆ ಅವರ ಸಹಿ ಇಲ್ಲವೇ ಹೆಬ್ಬೆಟ್ಟು ಬೇಕು. ಫಲಿತಾಂಶವನ್ನು ಬಾವಿಯ ಹತ್ತಿರವೇ, ಜನದ ಭಾಷೆಯಲ್ಲಿ ಬರೆದು ಹಾಕಬೇಕು.

ನಾಲ್ಕು: ಸರ್ಕಾರ ಕೊಡಲಿ ಬಿಡಲಿ, ನಾವೇ ಒಂದು ನೋಟ್‌ಬುಕ್ ಇಡಬೇಕು. ಹಗ್ಗಕ್ಕೆ ಗಂಟು ಹಾಕಿ ನೀರು ಎಷ್ಟು ಆಳಕ್ಕಿದೆ ಅಂತ ತಿಂಗಳಿಗೊಮ್ಮೆ ಬರೆಯೋಕೆ ದುಡ್ಡು ಬೇಕಿಲ್ಲ. 2019ರಲ್ಲಿ ಶುರುವಾದ ಜಲಜೀವನ ಮಿಷನ್ನಿನ ನಿಯಮದಲ್ಲಿ ಪ್ರತಿ ಊರಿನ ಐದು ಹೆಂಗಸರಿಗೆ ನೀರಿನ ಪರೀಕ್ಷೆ ಕಲಿಸಿ ಪೆಟ್ಟಿಗೆ ಕೊಡಬೇಕು ಅಂತಿದೆ. ಆ ಐದರಲ್ಲಿ ನಮ್ಮ ಕೇರಿಯವರು ಎಷ್ಟು ಅಂತ ಪಂಚಾಯಿತಿಯನ್ನು ಕೇಳಿ. ಆ ಪೆಟ್ಟಿಗೆಯಿಂದ ಎಲ್ಲವೂ ತಿಳಿಯಲ್ಲ, ಲೋಹಗಳಿಗೆ ಲ್ಯಾಬೇ ಬೇಕು. ಆದರೆ ಶುರು ಮಾಡೋಕೆ ಅಷ್ಟು ಸಾಕು.

ಐದು: ಗಣಿ ಮುಚ್ಚಿದ ಮೇಲೂ ಅಳತೆ ನಿಲ್ಲಬಾರದು. ಅದರ ಖರ್ಚು ಕಲ್ಲಿದ್ದಲು ತಗೊಂಡವರದು. ಅವರಲ್ಲಿ ಕರ್ನಾಟಕವೂ ಒಂದು, ಈ ಸಭೆಯ ಲೈಟೂ ಒಂದು.

ಬಂಧುಗಳೇ, 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಗೆ ಬಾಬಾಸಾಹೇಬರು ಇಳಿದು ನೀರು ಕುಡಿದರು. ಅಂದಿನ ಪ್ರಶ್ನೆ, ಈ ನೀರನ್ನು ಮುಟ್ಟುವವರು ಯಾರು ಅಂತ. ಆ ಪ್ರಶ್ನೆ ಇನ್ನೂ ಮುಗಿದಿಲ್ಲ, ನಿಮಗೆ ಗೊತ್ತು. ಅದರ ಜೊತೆಗೆ ಇನ್ನೊಂದು ಬಂದಿದೆ. ನಮ್ಮ ನೀರನ್ನು ಬರೆದಿಡುವವರು ಯಾರು?

ಚಂದ್ರಾಪುರದಿಂದ ಹೊರಡುವಾಗ ಆ ತಾಯಿಗೆ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟು ಬಂದೆವು. ಆಕೆಗೆ ಓದು ಬರಲ್ಲ, ಮಗಳಿಗೆ ಬರುತ್ತೆ. ಹೋದ ತಿಂಗಳು ಆ ಮಗಳು ಫೋನ್ ಮಾಡಿದ್ದಳು. ಹನ್ನೊಂದು ತಿಂಗಳ ಗಂಟು ಬರೆದಿದ್ದಾರೆ. ಗಣಿಯ ಜೀಪು ಬಂದಾಗ ಐದಾರು ಹೆಂಗಸರು ದಾರಿಗೆ ನಿಂತು ಕೇಳಿದರಂತೆ: "ಯಾವ ಬಾವಿಯ ನೀರು ಅಳೆದಿರಿ?" ಜೀಪಿನವರು ಏನೂ ಹೇಳದೆ ಹೋದರಂತೆ. ಮುಂದಿನ ಸಲ ಮತ್ತೆ ಕೇಳ್ತೀವಿ ಅಂದಳು.

ಜೈ ಭೀಮ್.